ಅಯ್ಯನವರ ಮೊಮ್ಮಗನ ಸ್ನಾನ

“ಅಲ್ಲೇ ನಿಂದರು ರಂಡಿ! ಒಳಗ ಕಾಲಿಟ್ರ ಕಾಲು ಮುರೀತೀನಿ.”

ವಿಶ್ವನಾಥಯ್ಯನವರ ಈ ಸ್ವಾಗತ ನನಗೆ ಹೊಸದಲ್ಲ. ನಾನು ಮನಿಷಾ, ತುರೋರಿಯ ಆಶಾ ಕಾರ್ಯಕರ್ತೆ, ಹುಟ್ಟಿದ್ದು ಊರಾಚೆ, ಮುಟ್ಟಬಾರದ ಮಾಂಗರ ಕೇರಿಯಾದ ಮಾಂಗವಾಡಾದಲ್ಲಿ. ಹಸುಗೂಸುಗಳನ್ನು ಮುಟ್ಟಿ ನೋಡುವುದು ನನ್ನ ಕೆಲಸ. ಅಯ್ಯನವರ ಮನೆಯಲ್ಲಿ ಮಾತ್ರ ಮುಟ್ಟದೆಯೇ ನೋಡಬೇಕು. ನಾನು ತೂಕದ ಕಾಟಾ ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತೇನೆ. ಅವರು ಅದಕ್ಕೆ ನೀರು ಚಿಮುಕಿಸಿ, ನನ್ನ ಜೋಳಿಗೆ ಬಟ್ಟೆ ಬಿಸಾಕಿ, ತಮ್ಮ ದಪ್ಪ ಧೋತರದಲ್ಲಿ ಕೂಸನ್ನು ತೂಗುತ್ತಾರೆ. ಧೋತರದ ಭಾರವನ್ನೂ ಕೂಸಿನ ಲೆಕ್ಕಕ್ಕೇ ಬರೆದುಕೊಂಡು ಬರುವ ಜಾಣೆ ನಾನು. ಸರ್ಕಾರದ ಪ್ರಕಾರ ಆ ಮನೆಯ ಕೂಸುಗಳೆಲ್ಲ ಭೀಮಸೇನರು.

ಸೊಸೆ ಪೂನಮ್ ಹೆರಿಗೆಯಲ್ಲಿ ರಕ್ತ ಹೋಗಿ ಇನ್ನೂ ಉಮರ್ಗಾದ ದವಾಖಾನೆಯಲ್ಲೇ ಇದ್ದಳು. ಲಿಂಗ ಕಟ್ಟಬೇಕೆಂದು ಕೂಸನ್ನಷ್ಟೇ ಮನೆಗೆ ತಂದಿದ್ದರು.

“ಕೂಸು ಹಾಲು ಕುಡೀತದೇನ್ರೀ ಅಮ್ಮಾ?” ಅಂಗಳದಿಂದಲೇ ಕೇಳಿದೆ.

“ನಸುಕಿನ್ಯಾಗ ನೀರು ಎರದು ಲಿಂಗಾ ಕಟ್ಟೀವಿ. ಆವಾಗಿಂದ ಬಾಯಿನೇ ತೆರೆವಲ್ದು,” ಎಂದರು ಅಜ್ಜಿ ಶರಣಬಸಮ್ಮ.

“ಅಂಗಾಲು ಮುಟ್ಟಿ ನೋಡ್ರೀ.”

ಮುಟ್ಟಿದರು. “ಅಗಬಾಈ! ಥಂಡಗಾರ ಅದಾವಲ್ಲೇ!”

“ಕೂಸಿನ ಅರಬಿ ಬಿಚ್ಚಿ ನಿಮ್ಮ ಎದಿಗಿ ಹಚ್ಕೋರಿ. ಮೈ ಕಾವು ಹತ್ತಲಿ. ಲಗೂನ ಮಾಡ್ರೀ!”

ಶರಣಬಸಮ್ಮ ಗಂಡನ ಮುಖ ನೋಡಿದರು.

“ಎದಿ ತೆರಕೊಂಡು ಕುಂದರ್ತಿ ಏನು? ಮಾಂಗರ ಹೆಂಗಸೇನು ನೀ?” ಎಂದರು ಅಯ್ಯನವರು.

ನಾನು ಅಂಥ ಧೀರೆಯೇನಲ್ಲ. ನಾಯಿ ಬೊಗಳಿದರೆ ಚೀಲ ಬಿಟ್ಟು ಓಡುವವಳು. ಆದರೆ ಕೂಸಿನ ತುಟಿ ನೀಲಿಯಾಗುತ್ತಿತ್ತು. ಕಾಲು ತಾವಾಗಿಯೇ ಒಳಗೆ ಹೋದವು. ಕೂಸನ್ನು ಕಸಿದುಕೊಂಡೆ, ಬಟ್ಟೆ ಬಿಚ್ಚಿದೆ, ಕುಪ್ಪಸದ ಗುಂಡಿ ತೆಗೆದು ಒಳಗಿಟ್ಟುಕೊಂಡು ಸೆರಗು ಸುತ್ತಿದೆ. ನನ್ನ ಎದೆ ಅಂಥ ನೋಡುವಂಥದ್ದೇನಲ್ಲ, ಗಂಡನೇ ಅದರ ಗೊಡವೆ ಬಿಟ್ಟು ಬಹಳ ದಿನವಾಯಿತು. ಆದರೂ ಕಾವಿತ್ತು.

“ಮೈಲಿಗಿ ಮಾಡಿದೆಲ್ಲಲೇ ಬೋಸುಡಿ! ಲಿಂಗಾ ಕಟ್ಟಿದ ಕೂಸದು!”

ಆ ಲಿಂಗ ನನ್ನ ಎದೆಗೆ ಒತ್ತುತ್ತಿತ್ತು. ದೇವರಿಗೂ ಚಳಿಯಾಗಿತ್ತೋ ಏನೋ, ಅವನು ಪಿಟ್ಟೆನ್ನಲಿಲ್ಲ. ಅಯ್ಯನವರು ಬೈಯುತ್ತಲೇ ಇದ್ದರು, ನಾನು ಕೂತೇ ಇದ್ದೆ. ಬಹಳ ಹೊತ್ತಿನ ಮೇಲೆ ಕೂಸು ಮಿಸುಕಿತು. ಆಮೇಲೆ ಕಿರ್ರೆಂದು ಅತ್ತಿತು. ನನಗೂ ಅಳು ಬಂತು.

ಶರಣಬಸಮ್ಮ ಕೈ ಚಾಚಿದರು.

“ಮುಟ್ಟಬ್ಯಾಡ! ಮೊದಲ ಅದಕ್ಕ ನೀರು ಹಾಕು,” ಎಂದು ಅಯ್ಯನವರೇ ನೀರಿನ ಹೌದಿನಿಂದ ಕೊಡ ತುಂಬಿಕೊಂಡು ಬಂದರು. ಮಾಗಿಯ ತಣ್ಣೀರು.

“ಮತ್ತ ಎರದ್ರ ಸಾಯ್ತದರೀ!” ಎಂದೆ.

“ಸಾಯಲಿ. ಮೈಲಿಗಿಲೆ ಬದುಕೂದು ಬ್ಯಾಡ.”

ಹುಟ್ಟಿದಾಗಿನಿಂದ ಹೂಂರೀ ಅಯ್ಯನೋರೆ ಎಂದೇ ಸವೆದ ನನ್ನ ನಾಲಿಗೆಗೆ ಅಂದು ಏನಾಯಿತೋ. “ಕೂಸು ಕೊಡಂಗಿಲ್ರೀ. ಅದರವ್ವನ ಕಡಿ ಒಯ್ತೀನಿ,” ಎಂದು ಎದ್ದೆ. ಶರಣಬಸಮ್ಮ ಗಂಡನಿಗೆ ಕೇಳದಂತೆ, “ಒಯ್ಯಿ ತಂಗಿ,” ಅಂದರು.

ಅಯ್ಯನವರು ಕೊಡ ಹಿಡಿದು ಬಾಗಿಲಿಗೆ ಅಡ್ಡ ನಿಂತರು. ನಾನು ನಿಲ್ಲದೆ ನೇರ ಅವರ ಮೇಲೆಯೇ ನಡೆದೆ.

“ಹಿಡೀರಿ ಅಯ್ಯನೋರೆ. ಮುಟ್ಟಿ ಹಿಡೀರಿ ನನ್ನ.”

ಇನ್ನೂ ಗೇಣು ದೂರವಿತ್ತು. ಅಯ್ಯನವರು ಧೋತರ ಎತ್ತಿಕೊಂಡು ಗೋಡೆಗೆ ಅಂಟಿಕೊಂಡರು.