ಮಾಸ್ಕಿನ ಮೇಲಿನ ರೊಟ್ಟಿ

ಎರಡನೇ ಅಲೆಯ ಆ ಮೇ ತಿಂಗಳಲ್ಲಿ ಕೂಡ್ಲಿಗಿಯಲ್ಲಿ ಎಲ್ಲಿ ಹುಡುಕಿದರೂ ಎನ್-95 ಮಾಸ್ಕು ಸಿಗುತ್ತಿರಲಿಲ್ಲ. ಅಪ್ಪನ ತಂಗಿ, ನರ್ಸ್ ಆಗಿರುವ ನಮ್ಮ ಸುಮಲತಾ ಅತ್ತೆಯ ಬಳಿ ಒಂದು ಸಂಜೆ ಉಳಿದದ್ದು ಒಂದೇ. ಮರುದಿನ ಬೆಳಿಗ್ಗೆ ಮತ್ತೆ ಕೋವಿಡ್ ವಾರ್ಡು. ತೊಳೆದರೆ ಮಾಸ್ಕು ಕೆಡುತ್ತದೆ. ನೀರು ಹಾಕದ ಎಲೆಕ್ಟ್ರಿಕ್ ಕುಕ್ಕರಿನ ಒಣ ಶಾಖದಲ್ಲಿ ಸುಮಾರು ಒಂದು ತಾಸು ಇಟ್ಟರೆ ವೈರಸ್ ಸಾಯುತ್ತದೆ ಎಂದು ನಾನು ಓದಿದ್ದೆ. ಅತ್ತೆ ನನ್ನ ಬಿ.ಎಸ್ಸಿ.ಯನ್ನು ನಂಬಿ ಮಾಸ್ಕನ್ನು ಕೊಟ್ಟು ಸ್ನಾನಕ್ಕೆ ಹೋದರು.

ಕುಕ್ಕರಿನ ತಳಕ್ಕೆ ಟವೆಲ್ ಮಡಚಿ ಹಾಸಿದೆ. ಮಾಸ್ಕಿಟ್ಟು, ಟವೆಲಿನ ತುದಿ ಹೊದಿಸಿ, ಮುಚ್ಚಳ ಮುಚ್ಚಿ ಸ್ವಿಚ್ ಒತ್ತಿದೆ. ಅಜ್ಜಿ ದಾಕ್ಷಾಯಣಮ್ಮನಿಗೆ ಹೇಳಬೇಕಿತ್ತು. ಆದರೆ ಅವಳ ಅಡುಗೆಮನೆಯಲ್ಲಿ ನನಗೆ ಬಾಯಿ ಏಳುವುದಿಲ್ಲ. ಅನ್ನದ ಪಾತ್ರೆಯಲ್ಲಿ ವಾರ್ಡಿನ ಮಾಸ್ಕಿದೆ ಎಂಬುದನ್ನು ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ಹಿತ್ತಲಿಗೆ ಹೋಗಿ ಬಂದೆ.

ಬರುವಷ್ಟರಲ್ಲಿ ಅಪ್ಪ ಊಟಕ್ಕೆ ಕುಳಿತಿದ್ದರು. ಅಜ್ಜಿ ಕುಕ್ಕರಿನೊಳಗಿಂದ ರೊಟ್ಟಿ ತೆಗೆದು ಬಡಿಸುತ್ತಿದ್ದಳು.

"ಯಾರೋ ಬಟ್ಟಿ ಹಾಸಿ ಬಿಸಿಗಿಟ್ಟಿದ್ರು, ರೊಟ್ಟಿ ಹಾಕಿದೆ. ಹೆಂಗ ಮೆತ್ತಗ ಅದಾವ ನೋಡು, ಪಂಚಾಕ್ಷರಿ."

ನಮ್ಮ ಮನೆಯಲ್ಲಿ ಪಾತ್ರೆಯೊಳಗೆ ಬಟ್ಟೆ ಕಂಡರೆ ಅದು ರೊಟ್ಟಿಯದೇ ಜಾಗ.

"ಅಪ್ಪಾ, ತಿನ್ನಬ್ಯಾಡ್ರಿ! ಅದರ ಕೆಳಗ ಅತ್ತಿ ಮಾಸ್ಕ್ ಐತಿ!"

ಆ ಕೂಗು ನನ್ನದೆಂದು ನನಗೇ ಗೊತ್ತಾಗಲಿಲ್ಲ. ಅಪ್ಪ ಬಾಯಿಯ ಹತ್ತಿರ ತಂದಿದ್ದ ತುತ್ತು ಬಿಸಾಡಿ, "ಸೋಪು ಎಲ್ಲೈತಿ, ಸೋಪು!" ಎನ್ನುತ್ತ ಬಚ್ಚಲಿಗೆ ಓಡಿದರು.

ಅಜ್ಜಿ ಕದಲಲಿಲ್ಲ. "ಶಾಖಕ್ಕ ರೋಗ ಸತ್ತಿದ್ರ ರೊಟ್ಟಿ ತಿನ್ನಾಕ ಏನ್ ಅಡ್ಡಿ? ಸತ್ತಿಲ್ಲಂದ್ರ ಅದನ್ನ ನನ್ನ ಮಗಳ ಮುಖಕ್ಕ ಹೆಂಗ ಕಟ್ತೀಯೇ, ಗಂಗಿ?"

ಇದು ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ನಾನು ನೆಲ ನೋಡುತ್ತಲೇ ಹೇಳಿದೆ: "ಇನ್ನಾ ಅರ್ಧ ತಾಸೂ ಆಗಿರ್ಲಿಲ್ಲ ಅಜ್ಜಿ. ನೀನು ಮುಚ್ಚಳ ತಗದಿ, ಶಾಖ ಹೋತು. ಅರ್ಧ ಬೆಂದ ರೊಟ್ಟಿ ನೀನು ಯಾರಿಗಾರ ಬಡಿಸ್ತೀಯೇನು?"

ಅಜ್ಜಿ ನನ್ನನ್ನು ಹೊಸಬಳಂತೆ ನೋಡಿದಳು. ಆಮೇಲೆ ರೊಟ್ಟಿಗಳನ್ನೆಲ್ಲ ಒಲೆಗೆ ಹಾಕಿ, ಕೈ ತಿಕ್ಕಿ ತೊಳೆದು, ಕುಕ್ಕರಿನ ಮುಂದೆ ಮಣೆ ಎಳೆದುಕೊಂಡು ಕುಳಿತಳು. ನಾನು ಮೊದಲಿನಿಂದ ಶುರು ಮಾಡಿದೆ.

ಅತ್ತೆ ತಲೆ ಒರೆಸಿಕೊಳ್ಳುತ್ತ ಬಂದು ಮುಚ್ಚಳಕ್ಕೆ ಕೈ ಹಾಕಿದರು. ಅಜ್ಜಿ ಸೌಟಿನಿಂದ ಕೈಗೆ ಬಾರಿಸಿದಳು.

"ಇನ್ನಾ ಬೆಂದಿಲ್ಲ. ಗಂಗಿ ಹೇಳೋತನಕ ಯಾರೂ ಮುಟ್ಟಂಗಿಲ್ಲ!"

ಬೆಳಿಗ್ಗೆ ಅತ್ತೆ ಮಾಸ್ಕು ಹಾಕಿ, ಅಂಚು ಒತ್ತಿ, ಉಸಿರೆಳೆದು ನೋಡಿದರು. "ಬಿಗಿ ಕುಂತೈತಿ, ಗಂಗಾ. ರೊಟ್ಟಿ ವಾಸನಿ ಒಂದ್ ಹೆಚ್ಚಿಗಿ."

ಅಪ್ಪ ಮಾತ್ರ ಇಂದಿಗೂ ತಟ್ಟೆಗೆ ರೊಟ್ಟಿ ಬಿದ್ದೊಡನೆ ಕೇಳುತ್ತಾರೆ: "ಇದು ಹಂಚಿನಿಂದ ಬಂತೋ, ಕುಕ್ಕರಿನಿಂದ ಬಂತೋ?"