ಮಾವಿನಡಿಯ ಫಿಯೆಟ್

ನಾಲ್ಕು ಜನ ಹಿಂದಿನಿಂದ ದೂಡಿದರೂ ಫಿಯೆಟ್ ಗೇಣಷ್ಟೂ ಕದಲಲಿಲ್ಲ. ಅದು ನಿಂತದ್ದು ಮಾವಿನ ಮರದಡಿ. ಸುಧಾಕರನ ಚಿತೆಗೆ ಕಡಿಯಬೇಕಾದದ್ದೂ ಅದೇ ಮರ. ಪುಂಜಾಲಕಟ್ಟೆಯ ಅರ್ಧ ವಾಹನಗಳನ್ನು ಸರಿಮಾಡಿದ ಮನುಷ್ಯ ತನ್ನ ಕಾರನ್ನು ಇಂಥ ಜಾಗದಲ್ಲಿ ನಿಲ್ಲಿಸಿ, ನಿನ್ನೆ ಸಂಜೆ ಎದೆನೋವೆಂದು ಮಲಗಿದವನು ಏಳಲೇ ಇಲ್ಲ.

ಸುಧಾಕರನ ತಮ್ಮನ ಮಗ ರೋಹಿತ್ ಕಾರಿನ ಬಾಗಿಲು ತೆರೆದು ಇಣುಕಿದ. ಕಾರು ಗೇರಿನಲ್ಲಿತ್ತು. ಅದನ್ನು ಬಿಡಿಸುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಗೇರಿನ ಹಿಡಿ ಸ್ಟೇರಿಂಗಿನ ಪಕ್ಕದಲ್ಲಿರುವ ಕಾರನ್ನು ಅವನು ಕಂಡದ್ದೇ ಇಲ್ಲ.

"ಜೀಪಿಗೆ ಸರಪಳಿ ಕಟ್ಟಿ ಎಳೆದುಬಿಡುವ, ದೊಡ್ಡಮ್ಮ."

ಗಂಡನ ತಲೆಯ ಬಳಿ ಕೂತಿದ್ದ ಕಾಂತಿ ಕತ್ತೆತ್ತಿದಳು. ಹಾಗೆ ಎಳೆದರೆ ಗೇರಿನ ಹಲ್ಲು ಮುರಿದುಹೋಗುತ್ತದೆಂದು ಮೆಕ್ಯಾನಿಕನ ಹೆಂಡತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬೇಡ. ಅವರು ಕೊನೆಗೆ ಜೋಡಿಸಿದ್ದು ಅದು. ಮುರಿಯಲಿಕ್ಕೆ ನಾನು ಬಿಡುವುದಿಲ್ಲ."

*

ಮದುವೆಯಾದ ಹೊಸತರಲ್ಲಿ ಶಾಲೆಯ ಮೈದಾನದಲ್ಲಿ ಅವಳು ಓಡಿಸಲು ಕಲಿತದ್ದು ಇದೇ ಫಿಯೆಟನ್ನು. ಮೂಡುಬಿದಿರೆಯ ತವರಿಗೆ ತಾನೇ ಓಡಿಸಿಕೊಂಡು ಹೋಗಬೇಕು, ಅಂಗಳದಲ್ಲಿ ಇಳಿಯುವಾಗ ಅಣ್ಣಂದಿರು ಬಾಯಿ ಬಿಟ್ಟು ನೋಡಬೇಕು, ಅಷ್ಟೇ ಆಸೆ. ಅಷ್ಟರಲ್ಲಿ ಬಾವಿಕಟ್ಟೆಯಲ್ಲಿ ಜಾರಿ ಎಡ ಮೊಣಕಾಲು ಮುರಿಯಿತು. ಆಮೇಲೆ ಕ್ಲಚ್ ಅರ್ಧ ಒತ್ತುವುದರೊಳಗೆ ಕಣ್ಣಲ್ಲಿ ನೀರು.

"ನೋಡುವ," ಎಂದಿದ್ದ ಸುಧಾಕರ. ಊರಿನವರ ವಾಹನಗಳೆಲ್ಲ ಮುಗಿದ ಮೇಲಲ್ಲವೇ ಸ್ವಂತದ್ದು? ಆ ನೋಡುವಿಕೆ ವರ್ಷಗಟ್ಟಲೆ ನಡೆಯಿತು. ರಾತ್ರಿ ರಿಪೇರಿ ಶೆಡ್ಡು ಮುಚ್ಚಿದ ಮೇಲೆ ಗೇರ್‌ಬಾಕ್ಸ್ ಇಳಿಸಿ, ಒಂದೊಂದೇ ಹಲ್ಲುಚಕ್ರವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂರುತ್ತಿದ್ದ. ಬಡಿಸಿಟ್ಟ ಅನ್ನ ಆರುತ್ತಿತ್ತು. ಒಂದು ದಿನ ಕಾಂತಿ ಹೇಳಿಯೇಬಿಟ್ಟಳು, "ನನ್ನನ್ನು ಮುಟ್ಟಿದ್ದಕ್ಕಿಂತ ಹೆಚ್ಚು ಅದನ್ನು ಮುಟ್ಟಿದ್ದೀರಿ."

ಅವನು ನಕ್ಕು ಕೈ ತೊಳೆಯಲು ಹೋದ. ಆ ನಗೆಗೆ ಅವಳಿಗೆ ಇನ್ನಷ್ಟು ಸಿಟ್ಟು ಬಂದಿತ್ತು.

*

ಮಡಂತ್ಯಾರಿನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅಬ್ದುಲ್ ರಹಿಮಾನ್ ಬಂದವರು ಗೆಳೆಯನ ಕಾಲ ಬಳಿ ಸ್ವಲ್ಪ ಹೊತ್ತು ನಿಂತರು. ಸರಪಳಿಯ ಮಾತು ಕಿವಿಗೆ ಬಿದ್ದದ್ದೇ ಕಾಂತಿಯ ಹತ್ತಿರ ಬಂದರು.

"ಕಾಂತಿಯಕ್ಕ, ಅದನ್ನು ನೀವೇ ತೆಗೆಯಬೇಕು."

ಅವಳು ಮೊಣಕಾಲು ಮುಟ್ಟಿ ತೋರಿಸಿದಳು.

"ಗೊತ್ತುಂಟು. ಗಟ್ಟಿ ಸ್ಪ್ರಿಂಗಿನ ಕ್ಲಚ್ ಹಾಕುವ, ಘಾಟಿ ಹತ್ತಲಿಕ್ಕೂ ಆಗ್ತದೆ ಅಂತ ನಾನು ಹೇಳಿದ್ದು. ಅವರು ಕೇಳಲಿಲ್ಲ. ಘಾಟಿ ಹತ್ತದಿದ್ರೂ ಅಡ್ಡಿಯಿಲ್ಲ, ಮೂಡುಬಿದಿರೆ ಮುಟ್ಟಿದ್ರೆ ಸಾಕು, ಅವಳ ಕಾಲಿಗೆ ನೋವಾಗಬಾರದು ಅಂದ್ರು. ನಾನು ತಂದುಕೊಟ್ಟ ಸ್ಪ್ರಿಂಗನ್ನೆಲ್ಲ ಕೈಯಲ್ಲಿ ಒತ್ತಿ ನೋಡಿ ವಾಪಸು ಕೊಡ್ತಿದ್ರು, ಇನ್ನೂ ಮೆದು ಬೇಕು ಅಂತ. ಕಡೆಗೆ ಸಿಕ್ಕಿದ್ದನ್ನು ಹಾಕಿ ಮುಗಿಸಿದ್ರು, ಈ ಆದಿತ್ಯವಾರ ನಿಮಗೆ ಹೇಳುವವರಿದ್ರು."

ಕಾಂತಿ ಎದ್ದಳು. ಹೆಣ ಮನೆಯಲ್ಲಿರುವಾಗ ಹೆಂಡತಿ ಕಾರು ಹತ್ತುವುದು ಎಲ್ಲಿಯಾದರೂ ಉಂಟಾ ಎಂದು ಸುಧಾಕರನ ಅಕ್ಕ ಸೆರಗು ಹಿಡಿದರು.

"ಅವರಿಗೆ ಮರ ಬೇಕಲ್ಲ, ಅತ್ತಿಗೆ. ಬಿಡಿ."

ಸೀಟಿನಲ್ಲಿ ಕೂತು, ಹಲ್ಲು ಕಚ್ಚಿ, ಎಡಗಾಲು ಒತ್ತಿದಳು. ಪೆಡಲ್ ತಳದವರೆಗೆ ಸುಮ್ಮನೆ ಇಳಿಯಿತು. ಎಲ್ಲಿಯೂ ನೋಯಲಿಲ್ಲ. ಬೆಳಗಿನಿಂದ ಬಾರದ ಅಳು ಆಗ ಬಂತು. ಹೇಳಬಾರದಿತ್ತೇ, ಇವರೇ, ಒಂದು ದಿನ ಮೊದಲು ಹೇಳಬಾರದಿತ್ತೇ ಎಂದು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತಳು.

ಕೀ ತಿರುಗಿಸಿದಳು. ಅಂಗೈ ಮರೆಯದ ಗೇರು ಒಂದೇ ಸಲಕ್ಕೆ ಬಿತ್ತು. ಫಿಯೆಟ್ ಮರದಡಿಯಿಂದ ಹೊರಬಂದು ಗೇಟಿನಾಚೆ ರಸ್ತೆಯ ಬದಿ ನಿಂತಿತು. ಅವಳು ಎಂಜಿನ್ ಆರಿಸಿದಳು.

ಹಿಂದೆ ಕೊಡಲಿಯ ಮೊದಲ ಪೆಟ್ಟು ಕೇಳಿತು. ರೋಹಿತ್ ಬಾಗಿಲು ತೆರೆದು, ಇಳಿಯಿರಿ ದೊಡ್ಡಮ್ಮ, ಅಂದ. ಕಾಂತಿ ಇಳಿಯಲಿಲ್ಲ. ಎಂಜಿನ್ ಆರಿದ ಕಾರಿನಲ್ಲಿ ಅವಳ ಎಡಗಾಲು ಕ್ಲಚ್ಚನ್ನು ತಳದವರೆಗೂ ಒತ್ತಿ ಹಿಡಿದೇ ಇತ್ತು.