ನೀರಿನ ಬ್ಯಾಟರಿ

ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿ ಇರುತ್ತವೆ ಎಂಬುದು ದ್ರಾಕ್ಷಾಯಣಿಗೆ ಗೊತ್ತಾದದ್ದೇ ಚಿಕ್ಕದು ಕೈಕೊಟ್ಟ ಮೇಲೆ. ದೊಡ್ಡದರಲ್ಲಿ ಬೇಕಾದಷ್ಟು ಚಾರ್ಜಿತ್ತು. ಅದನ್ನು ಎಬ್ಬಿಸಬೇಕಾದ ಚಿಕ್ಕದು ಸತ್ತು ಮಲಗಿತ್ತು. ಇಂಥ ಗಾಡಿ ಮಾಡಿದವರ ಬುದ್ಧಿಗೆ ಏನನ್ನಬೇಕೋ! ತನ್ನೂರು ತೇರಗಾಂವದಲ್ಲಿ ಪಕ್ಕದ ಮನೆಯವರ ಟ್ರ್ಯಾಕ್ಟರಿನಿಂದ ವೈರು ಎಳೆದು ಹೇಗೋ ಚಾಲೂ ಮಾಡಿಕೊಂಡು ಬಂದಿದ್ದಳು. ಹಳಿಯಾಳದಲ್ಲಿ ಮಹಾಂತಪ್ಪನ ಬ್ಯಾಟರಿ ಅಂಗಡಿಯ ಮುಂದೆ ಅದು ಮತ್ತೆ ನಿಂತೇಬಿಟ್ಟಿತು.

ಹಿಂದಿನ ಸೀಟಿನಲ್ಲಿ ತಾಯಿ ಶಿವಗಂಗವ್ವ ದಿಂಬಿಗೆ ಒರಗಿ ಕೂತಿದ್ದಳು. ಅವಳಿಗೆ ದಮ್ಮು. ಬಸ್ಸಿನ ಹೊಗೆ ಮೂಗಿಗೆ ಬಡಿದರೆ ಎದೆ ಸೀಟಿ ಹೊಡೆಯುತ್ತದೆ; ಅದಕ್ಕೆಂದೇ ಮಗಳು ಯಾರೋ ಬಳಸಿ ಬಿಟ್ಟ ಈ ಕಾರನ್ನು ಕೊಂಡದ್ದು. ಹುಬ್ಬಳ್ಳಿಯ ದಮ್ಮಿನ ಡಾಕ್ಟರು ಸಿಗುವುದು ಗುರುವಾರ ಮಾತ್ರ, ಅದೂ ಹನ್ನೆರಡರವರೆಗೆ. ಹಿಂದೊಮ್ಮೆ ಗುರುವಾರ ತಪ್ಪಿದ್ದಕ್ಕೆ ಅವ್ವ ಎಂಟು ದಿನ ಆಕ್ಸಿಜನ್ ಹಚ್ಚಿಕೊಂಡು ಮಲಗಿದ್ದಳು. ಇವತ್ತು ಗುರುವಾರ, ಆಗಲೇ ಒಂಬತ್ತು ಗಂಟೆ. ದ್ರಾಕ್ಷಾಯಣಿ ಬಾಡಿಗೆ ಕಾರುಗಳಿಗೆ ಫೋನು ಮಾಡಿ ನೋಡಿದಳು; ಎಲ್ಲವೂ ಮದುವೆಗಳಿಗೆ ಹೋಗಿದ್ದವು.

ಮಹಾಂತಪ್ಪ ಹಿಂದಿನ ಸೀಟಿನ ಪಕ್ಕದ ಮುಚ್ಚಳ ತೆಗೆದು ನೋಡಿ ತಲೆ ಕೆರೆದುಕೊಂಡ.

"ಇದಕ್ಕ ಪೂರಾ ಸೀಲ್ ಮಾಡಿದ್ದ ಬ್ಯಾಟರಿ ಬೇಕ್ರಿ ಅಕ್ಕಾರ. ಬೆಳಗಾವಿಯಿಂದ ತರಸ್ತೇನಿ, ಶನಿವಾರ ಬರ್ತೈತಿ."

"ಇವತ್ತ ಹೋಗಬೇಕಲ್ರಿ!"

"ಇವತ್ತಂದ್ರ ಆಸಿಡ್ ತುಂಬಿದ ನೀರಿನ ಬ್ಯಾಟರಿ ಐತ್ರಿ. ಗಾಡಿ ಚಾಲೂ ಆಗ್ತೈತಿ. ಆದ್ರ ಚಾರ್ಜ್ ಜಾಸ್ತಿ ಆತಂದ್ರ ಆಸಿಡ್ ಕುದ್ದು ಗ್ಯಾಸ್ ಗಾಡಿ ಒಳಗ ತುಂಬ್ತೈತಿ. ಕೊಳತ ತತ್ತಿ ನಾತ ಬಂದ್ರ ಅಲ್ಲೇ ನಿಲ್ಲಸ್ರಿ. ದಮ್ಮಿದ್ದವರಿಗೆ ಅದು ವಿಷ."

ದ್ರಾಕ್ಷಾಯಣಿ ಸಿಕ್ಕಿಬಿದ್ದದ್ದು ಇಲ್ಲೇ. ನಾಲ್ಕು ವರ್ಷದ ಹಿಂದೆ ಕೊರೊನಾ ಬಂದು ಹೋದಾಗಿನಿಂದ ಅವಳ ಮೂಗು ಹೆಸರಿಗೆ ಮಾತ್ರ ಮೂಗು. ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ.

"ನನಗ ವಾಸನಿ ತಿಳಿಯೂದಿಲ್ರಿ," ಎಂದಳು, ತಪ್ಪು ಮಾಡಿದವಳಂತೆ.

"ನನಗ ತಿಳೀತೈತಲ್ಲ!" ಎಂದಳು ಒಳಗಿನಿಂದ ಶಿವಗಂಗವ್ವ. "ನಾ ಹೇಳ್ತೇನಿ. ಹಾಕ್ರಿ ನೀವು."

ಹಾಕಿಸಿದರೂ ಹೆದರಿಕೆ, ಬಿಟ್ಟರೂ ಹೆದರಿಕೆ. ಕಡೆಗೆ ಹಾಕಿಸಿದಳು.

ಹುಬ್ಬಳ್ಳಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಕಿಟಕಿ ತೆರೆದರೆ ಅವುಗಳ ಹೊಗೆ, ಮುಚ್ಚಿದರೆ ಬ್ಯಾಟರಿಯ ಭಯ. ಮುಚ್ಚಿಯೇ ಹೊಡೆದಳು.

"ವಾಸನಿ ಬರ್ತೈತೇನವ್ವಾ?"

"ಏನಿಲ್ಲ. ನೀ ಹೊಡಿ."

ಇನ್ನಷ್ಟು ದೂರ ಹೋಗಿ ಮತ್ತೆ ಕೇಳಿದಳು. ಅದೇ ಉತ್ತರ, ಆದರೆ ದನಿ ಬಟ್ಟೆಯೊಳಗಿನಿಂದ ಬಂದಂತಿತ್ತು. ಕನ್ನಡಿಯಲ್ಲಿ ನೋಡಿದರೆ ಅವ್ವ ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ದ್ರಾಕ್ಷಾಯಣಿ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ಬ್ಯಾಟರಿಯ ಮೇಲೆ ಬಗ್ಗಿ ಎದೆ ತುಂಬ ಉಸಿರೆಳೆದಳು. ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಎಳೆದಳು. ಅಳು ಬಂತು.

ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಎದುರಿಗೆ ಬರುತ್ತಿದ್ದಳು. ದ್ರಾಕ್ಷಾಯಣಿ ಓಡಿಹೋಗಿ ಅವಳ ಕೈ ಹಿಡಿದಳು.

"ಯವ್ವಾ, ಒಂದೀಟ ಇಲ್ಲಿ ಮೂಸಿ ನೋಡಿ ಹೇಳ್ರಿ."

ಆ ಹೆಂಗಸು ಇವಳಿಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿ, ಹೊರೆ ಇಳಿಸಿ, ಬಾಗಿಲ ಹತ್ತಿರ ಬಂದವಳೇ ಹಿಂದೆ ಸರಿದಳು. "ಅಯ್ಯ ನಮ್ಮವ್ವಾ! ತತ್ತಿ ಕೊಳತಂಗ ನಾರ್ತೈತಲ್ಲ! ಇದರಾಗ ಹೆಂಗ ಕುಂತೀರಿ?"

ಶಿವಗಂಗವ್ವ ಸೆರಗು ಇಳಿಸಿದಳು. ಎದೆ ಆಗಲೇ ಸೀಟಿ ಹೊಡೆಯತೊಡಗಿತ್ತು.

"ಯಾಕ ಹೇಳಲಿಲ್ಲವ್ವಾ?"

"ಹೇಳಿದ್ರ ನಿಲ್ಲಸ್ತಿದ್ದಿ. ಡಾಕ್ಟರ್ ತಪ್ಪತಿದ್ದ." ಅವ್ವ ಉಸಿರಿಗಾಗಿ ತಡೆದಳು. "ನಿನಗಂತೂ ತಿಳಿಯೂದಿಲ್ಲ, ಅದಕ್ಕ ಸುಮ್ನಿದ್ದೆ."

ಎಷ್ಟು ಸರಾಗವಾಗಿ ಅಂದಳು! ಹಾಗೆ ಸುಮ್ಮನಿದ್ದದ್ದು ಇದೇ ಮೊದಲಲ್ಲ ಎಂಬಂತಿತ್ತು. ಈ ನಾಲ್ಕು ವರ್ಷ ಹಳಸಿತ್ತೋ ಸೀದಿತ್ತೋ ತಿಳಿಯದೆ ತಾನು ಬಡಿಸಿದ ಸಾರು, ಕಾಸಿದ ಹಾಲು, ಹಾಸಿದ ಹಾಸಿಗೆ ಎಲ್ಲ ಒಮ್ಮೆಗೇ ದ್ರಾಕ್ಷಾಯಣಿಯ ಕಣ್ಣ ಮುಂದೆ ಬಂದವು.

"ಹಿಂಗ ಎಷ್ಟ ಸಲ ಸುಮ್ನಿದ್ದೀ ಅವ್ವಾ?"

ಶಿವಗಂಗವ್ವ ತನ್ನ ಕಡೆಯ ಕಿಟಕಿಯ ಗಾಜು ಪೂರ್ತಿ ಇಳಿಸಿದಳು.

"ಹತ್ತೂವರಿ ಆತು," ಎಂದಳು. "ಗಾಡಿ ಹತ್ತು."